ಅತ್ತೆಗೆ ಊರು ನೋಡಿದ್ದು

ನಗಬಾರದ ಹೊತ್ತಿನಲ್ಲೇ ನಗುವಂಥದ್ದು ನಡೆದುಬಿಡುತ್ತದೆ. ನಮ್ಮ ಅತ್ತೆ ಜೊತೆಗಿದ್ದರಂತೂ ತಪ್ಪುವುದೇ ಇಲ್ಲ.

ಅತ್ತೆ ಎಂದರೆ ನನ್ನ ತಂದೆಯ ತಂಗಿ. ತಾಯಿಯಿಲ್ಲದ ನನ್ನನ್ನು ಸಾಕಿದವರು. ನಾನು ಮಿಡಿಗೇಶಿಯ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುತ್ತೇನೆ. ಒಂದು ದಿನ ಕೆಲಸ ಮುಗಿಸಿ ಬಂದಾಗ ಅತ್ತೆ ಬಚ್ಚಲಿನಲ್ಲಿ ಬಿದ್ದಿದ್ದರು. ನಾನು ಹೊರಟ ಸ್ವಲ್ಪ ಹೊತ್ತಿಗೇ ಬಿದ್ದು, ಏಳಲಾರದೆ ಹಾಗೆಯೇ ಇದ್ದರಂತೆ. ಅಂದಿನಿಂದ ಒಲೆಯ ಮುಂದೆ ನಿಂತರೂ ನನ್ನ ಕಿವಿ ಆ ಬಚ್ಚಲಿನಲ್ಲೇ ಇರುತ್ತಿತ್ತು. ಅವರು ಕಣ್ಣು ಮುಚ್ಚಿ ಮಲಗಿದರೆ ಸಾಕು, ಮೂಗಿನ ಬಳಿ ಬೆರಳು ಹಿಡಿದು ಉಸಿರಿದೆಯೇ ಎಂದು ನೋಡುತ್ತಿದ್ದೆ. ಹಗಲೆಲ್ಲ ಒಬ್ಬರು ಜೊತೆಗಿರಲೇಬೇಕೆಂದು ವೈದ್ಯರು ಹೇಳಿದರು. ಹೀಗಾಗಿ, ವಯಸ್ಸಾದವರನ್ನು ನೋಡಿಕೊಳ್ಳುವ ಮನೆ ಯಾವ ಊರಿನಲ್ಲಿ ಚೆನ್ನಾಗಿದೆ ಎಂದು ರಜೆಯ ದಿನಗಳಲ್ಲಿ ಹುಡುಕಲು ಹೊರಟೆವು.

ಅತ್ತೆಯದು ಒಂದೇ ಷರತ್ತು. "ಹೆಣ್ಣು ನೋಡಾಕೆ ಹೋದಂಗೆ ಹೋಗ್ಬೇಕು ಕಣೇ. ಕಾಫಿ ತಿಂಡಿ ಆಗಬೌದು. ಒಪ್ಪಿಗೆ ಆಗೋಗಂಟ ಅವ್ರ ಮನೇಲಿ ಊಟ ಮಾಡಂಗಿಲ್ಲ."

ಮಧುಗಿರಿಯ ಬೆಟ್ಟ

ಮಧುಗಿರಿಯ ಮನೆಯ ಮೇಲ್ವಿಚಾರಕರು ಬಹಳ ಹೆಮ್ಮೆಯಿಂದ ಕಿಟಕಿ ತೆರೆದು, "ನೋಡಿ ಅಜ್ಜಿ, ಮಲಗಿದ್ದಲ್ಲಿಂದಲೇ ಬೆಟ್ಟ ಕಾಣುತ್ತೆ" ಎಂದರು.

ಅತ್ತೆ ಬೆಟ್ಟವನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಇಷ್ಟು ದೊಡ್ಡ ಬಂಡೆ ತಲೆ ಮೇಲಿಟ್ಕಂಡು ಹೆಂಗಪ್ಪಾ ನಿದ್ದೆ ಮಾಡ್ತೀರಿ? ಉರುಳಿದ್ರೆ?"

"ಅಯ್ಯೋ, ಭೂಮಿ ಹುಟ್ಟಿದಾಗಿನಿಂದ ಅಲ್ಲೇ ಇದೆ ಅಜ್ಜಿ. ಒಂದು ದಿನವೂ ಉರುಳಿಲ್ಲ."

"ನಾನೂ ಅಷ್ಟೇ ಕಣಪ್ಪ, ಬೀಳೋ ದಿನದಗಂಟ ಬಿದ್ದೇ ಇರಲಿಲ್ಲ."

ಮೇಲ್ವಿಚಾರಕರು ಮೆಲ್ಲಗೆ ಕಿಟಕಿ ಮುಚ್ಚಿದರು. ನಾನಂತೂ ಬಸ್ ನಿಲ್ದಾಣದವರೆಗೂ ಬೆಟ್ಟಕ್ಕೆ ಬೆನ್ನು ಮಾಡದೆ, ಅಡ್ಡಡ್ಡವಾಗಿಯೇ ನಡೆದೆ.

ಕೊರಟಗೆರೆಯ ಓಟ

ಕೊರಟಗೆರೆಯಲ್ಲಿ ಮನೆ ನಡೆಸುತ್ತಿದ್ದಾಕೆ ತುಂಬು ಮರ್ಯಾದೆಯಿಂದ ಉಪ್ಪಿಟ್ಟು, ಕಾಫಿ ತಂದಿಟ್ಟರು. ಅತ್ತೆ ಗಂಡಿನ ಕಡೆಯವರಂತೆ ಬೆನ್ನು ನೆಟ್ಟಗೆ ಮಾಡಿ ಕುಳಿತು, "ಒಸಿ ನಡೆದು ತೋರಿಸಮ್ಮ" ಎಂದರು. ನಾನು ನಾಚಿಕೆಯಿಂದ ಲೋಟದೊಳಗೆ ಮುಖ ಇಟ್ಟೆ. ಪಾಪ, ಆಕೆ ಏನೂ ತಿಳಿಯದೆ ನಡೆದು ತೋರಿಸಿದರು.

"ನಡಿಗೆ ವಾಸಿ. ಈಗ, ನಾನು ಬಚ್ಚಲಲ್ಲಿ ಬಿದ್ದೆ ಅಂತ ಇಟ್ಕೋ. ಹೆಂಗ್ ಓಡ್ಬರ್ತೀಯ?"

ಆಕೆ ಓಡಿಯೂ ಬಂದರು. ಸೀರೆಯ ನೆರಿಗೆ ಕಾಲಿಗೆ ಸಿಕ್ಕಿ, ಅತ್ತೆಯ ಮುಂದೆಯೇ ಬಿದ್ದರು. ನಾನು ಓಡಿಹೋಗಿ ಎತ್ತಿ ಕೂರಿಸಿದೆ. ಪುಣ್ಯಕ್ಕೆ ಪೆಟ್ಟಾಗಿರಲಿಲ್ಲ. ಊಟಕ್ಕೆ ಎಷ್ಟು ಕರೆದರೂ ಅತ್ತೆ, "ಊರಿಗೆ ಹೋಗಿ ಹೇಳಿ ಕಳಿಸ್ತೀವಿ" ಎಂದು ಕೈಮುಗಿದು ಹೊರಬಂದರು.

"ಯಾಕತ್ತೆ, ಒಳ್ಳೆಯವರಲ್ಲವೇ?" ಎಂದೆ.

"ಒಳ್ಳೇಳೇ ಬುಡು. ಆದ್ರೆ ಎತ್ತೋಳು ನೀನು ಮಿಡಿಗೇಶೀಲಿ ಇರ್ತೀಯಲ್ಲೇ!"

ಸಿರಾದ ಹೂವಿನ ಸಾಹೇಬರು

ಸಂಬಂಧ ಬೆಳೆಸುವ ಮುನ್ನ ಬೀದಿಯವರನ್ನು ವಿಚಾರಿಸಬೇಕೆಂಬುದು ನಮ್ಮ ಕಡೆಯ ಪದ್ಧತಿ. ಸಿರಾದಲ್ಲಿ ಅತ್ತೆ ಮನೆಯೊಳಗೆ ಹೋಗುವ ಮೊದಲೇ, ಗೇಟಿನ ಎದುರು ಹೂ ಮಾರುತ್ತಿದ್ದ ವಯಸ್ಸಾದ ಸಾಹೇಬರ ಬಳಿ ಹೋಗಿ ತಗ್ಗಿದ ದನಿಯಲ್ಲಿ ಕೇಳಿದರು. "ಈ ಮನೆಯೋರು ಹೆಂಗೆ ಸಾಹೇಬ್ರೇ? ಕುಡಿಯೋರು, ಕೈ ಮಾಡೋರು ಯಾರಾದ್ರೂ ಅವ್ರಾ? ಕೊಟ್ಟ ಮ್ಯಾಲೆ ಕಣ್ಣೀರು ಹಾಕಂಗಾಗಬಾರದು ನೋಡಿ."

ಸಾಹೇಬರು ಅತ್ತೆಯ ಹಿಂದೆ ತಲೆತಗ್ಗಿಸಿ ನಿಂತಿದ್ದ ನನ್ನನ್ನು ನೋಡಿದರು. ಮುಖದಲ್ಲಿ ಮರುಕ ಮೂಡಿತು.

"ಅರೇ ಅಮ್ಮಾ, ತೋಬಾ ತೋಬಾ! ಒಳಗಿರೋರೆಲ್ಲ ಎಂಬತ್ತು ದಾಟಿದ ಮುದುಕ್ರು. ಬೇಟಿಗೆ ಇನ್ನೂ ವಯಸ್ಸೈತೆ. ಆತುರ ಬೇಡ, ಒಳ್ಳೆ ಗಂಡೇ ಸಿಗ್ತಾನೆ!"

ಹೇಳಿ, ಒಂದು ಮೊಳ ಮಲ್ಲಿಗೆಯನ್ನು ಬಿಟ್ಟಿಯಾಗಿ ನನ್ನ ಕೈಗಿಟ್ಟರು. ಅದಾದ ಮೇಲೆ ಆ ಗೇಟು ದಾಟುವ ಧೈರ್ಯ ನನಗಾಗಲಿಲ್ಲ. ಹೂವನ್ನು ಅತ್ತೆಯೇ ಮುಡಿದರು.

ಪಾವಗಡದ ಊಟ

ಉಳಿದದ್ದು ಪಾವಗಡ ಒಂದೇ. ಇದೂ ಆಗದಿದ್ದರೆ ಮತ್ತೆ ಅತ್ತೆಯೊಬ್ಬರನ್ನೇ ಬಿಟ್ಟು, ಬಾಗಿಲೆಳೆದುಕೊಂಡು ಕೆಲಸಕ್ಕೆ ಹೋಗಬೇಕು. ಇದು ಆಗಿಬಿಟ್ಟರೆ ಅತ್ತೆಯಿಲ್ಲದ ಮನೆಗೆ ಹಿಂದಿರುಗಬೇಕು. ಎರಡನ್ನೂ ನೆನೆದು, ಅತ್ತೆಯ ತೋಳನ್ನೇ ಆಸರೆ ಹಿಡಿದು ಮೆಟ್ಟಿಲು ಹತ್ತಿದೆ.

ಬಾಗಿಲಲ್ಲೇ ಎದುರಾದ ನರ್ಸಮ್ಮ ನನ್ನ ತೋಳು ಹಿಡಿದು, ತೆಲುಗು ಬೆರೆಸಿದ ಕನ್ನಡದಲ್ಲಿ, "ರಾಮ್ಮಾ, ಭಯಪಡೊದ್ದು. ಬನ್ನಿ, ಹೆದರಬ್ಯಾಡಿ. ಇಲ್ಲಿ ಎಲ್ಲಾ ನಿಮ್ಮೋರೇ" ಎಂದು ಒಳಗೆ ಕರೆದೊಯ್ದು ಮಂಚದ ಮೇಲೆ ಕೂರಿಸಿದರು. ತೋಳಿಗೆ ಪಟ್ಟಿ ಸುತ್ತಿ ಬಿ.ಪಿ. ನೋಡಿ, ಗಾಬರಿಯಿಂದ ಅತ್ತೆಯತ್ತ ತಿರುಗಿದರು. "ಇಷ್ಟು ಜಾಸ್ತಿ ಐತಲ್ಲಮ್ಮಾ! ಇವ್ರನ್ನ ಇಷ್ಟು ದಿನ ಒಬ್ರನ್ನೇ ಹೆಂಗೆ ಬಿಟ್ಟಿದ್ರಿ?"

ಸೇರಬೇಕಾದವಳು ನಾನಲ್ಲ ಎಂದು ಹೇಳುವಂತೆ ಅತ್ತೆಗೆ ಕಣ್ಸನ್ನೆ ಮಾಡಿದೆ. ಅತ್ತೆ ಹೇಳಬೇಕಲ್ಲ!

"ಅದೇ ನಂಗೂ ದಿಗಿಲು ಕಣಮ್ಮ" ಎಂದರು ಅತ್ತೆ. "ಮಲಗಾಕೆ ಬುಡಾಕಿಲ್ಲ. ಕಣ್ಮುಚ್ಚಿದ್ರೆ ಮೂಗಿನತ್ರ ಬೆರಳು ಇಡ್ತಾಳೆ. ಹಿಂಗೇ ಆದ್ರೆ ನನಗಿಂತ ಮೊದ್ಲು ಇವಳೇ ಹೋಯ್ತಾಳೆ."

ಅಷ್ಟರಲ್ಲಿ ಊಟದ ಗಂಟೆ ಹೊಡೆಯಿತು. ಅತ್ತೆ ನನ್ನ ಮುಖವನ್ನೊಮ್ಮೆ ನೋಡಿದರು. ಆಮೇಲೆ ಗೋಡೆ ಹಿಡಿದು ಮೆಲ್ಲಗೆ ಹೋಗಿ, ಸಾಲಿನಲ್ಲಿ ಕುಳಿತು, ತಟ್ಟೆಗೆ ಮುದ್ದೆ ಹಾಕಿಸಿಕೊಂಡರು. ಮುರಿದು, ಸಾರಿನಲ್ಲಿ ಅದ್ದಿ ನುಂಗಿದರು.

ಅದರ ಅರ್ಥ ಆ ಮನೆಯಲ್ಲಿ ನನ್ನೊಬ್ಬಳಿಗೇ ಗೊತ್ತಿತ್ತು. ನಾನು ಅಳತೊಡಗಿದೆ. ನರ್ಸಮ್ಮ ಮತ್ತೊಮ್ಮೆ ಬಿ.ಪಿ. ನೋಡಿದರು.

ಮುಂದಿನ ವಾರ ಅತ್ತೆಯನ್ನು ಗಂಟಿನ ಸಮೇತ ಅಲ್ಲಿ ಬಿಟ್ಟು, ಒಬ್ಬಳೇ ಬಸ್ ಹತ್ತಿದೆ. ಪಕ್ಕದ ಖಾಲಿ ಸೀಟು ನೋಡಲಾಗದೆ ಕಣ್ಣು ಮುಚ್ಚಿಕೊಂಡೆ. ಊರು ದಾಟುವಷ್ಟರಲ್ಲಿ ಫೋನು ಬಡಿದುಕೊಂಡಿತು. ಅತ್ತೆ ಬಿದ್ದೇ ಬಿಟ್ಟರು ಎಂದುಕೊಂಡು, ಯಾರದೆಂದೂ ನೋಡದೆ ಎತ್ತಿದೆ.

ಅತ್ತೆಯದೇ ದನಿ. "ಲೇ, ಉಸಿರಾಡ್ತಿದೀಯೇನೇ?"