ಫ್ಯಾನಿನ ವ್ರತ

ಬೇಸಿಗೆಯಲ್ಲಿ ನಮ್ಮ ಮನೆಯ ಲೈಟ್ ಬಿಲ್ ಏರುವುದಕ್ಕೆ ಸೂರ್ಯನಾರಾಯಣನಲ್ಲ, ನಾನೇ ಕಾರಣ ಎಂಬುದು ನಮ್ಮ ಯಜಮಾನರ ಸಿದ್ಧಾಂತ.

"ಈ ಸಲ ಬಿಲ್ ಇಳಿಸಿ ತೋರಸು. ಖಾನಾಪುರಕ್ಕ, ನಿಮ್ಮಕ್ಕ ಕುಂದಾನ ಮನಿಗೆ, ಎಂಟ ದಿನ ನಾನಽ ಬಿಟ್ಟ ಬರ್ತೇನಿ" ಎಂದರು.

ಅಕ್ಕನ ಹಿತ್ತಲಿನ ಹಲಸಿನ ಮರದ ನೆರಳು ಕಣ್ಣಿಗೆ ಕಟ್ಟಿತು. ಒಪ್ಪಿಕೊಂಡೆ.

ಆದರೆ ವಡಗಾವಿಯ ಇಕ್ಕಟ್ಟಿನ ಮನೆಯಲ್ಲಿ ಮಧ್ಯಾಹ್ನ ಫ್ಯಾನಿಲ್ಲದೆ ಕೂತರೆ ಮನುಷ್ಯ ಹಪ್ಪಳವಾಗುತ್ತಾನೆ. (ಒಂದು ದಿನ ಕೂತು ನೋಡಿದೆ. ಎರಡೂ ಬದಿ ಬೆಂದೆ.) ಆಗ ದಾರಿ ತೋರಿಸಿದವಳು ಚೈತ್ರಗೌರಿ. ಚೈತ್ರ ಮಾಸವೆಲ್ಲ ನಮ್ಮ ಓಣಿಯಲ್ಲಿ ಒಂದಲ್ಲ ಒಂದು ಮನೆಯಲ್ಲಿ ಗೌರಿ ಕೂರಿಸಿ ಅರಿಷಿಣ-ಕುಂಕುಮ. ಉಳಿದವರು ಸಂಜೆ ಬಂದು, ಕೋಸಂಬರಿ ತಿಂದು, ಪಾನಕ ಕುಡಿದು ಎದ್ದು ಹೋಗುವವರು. ನಾನು ಮಾತ್ರ ಮಾವಿನಕಾಯಿ ಹೆರೆದುಕೊಡುವ ನೆಪದಲ್ಲಿ ಊಟವಾದ ಕೂಡಲೇ ಹಾಜರು. ಹೆರೆದಾದ ಮೇಲೆ ಗೌರಿಯ ಮುಂದೆ, ಸರಿಯಾಗಿ ಫ್ಯಾನಿನ ಕೆಳಗೆ, ಕಣ್ಣು ಮುಚ್ಚಿ ಕೂರುತ್ತಿದ್ದೆ. ದೇವಿಯ ಮೇಲೆ ಭಕ್ತಿ ಇದ್ದದ್ದು ಖರೇ. ಗಾಳಿಯ ಮೇಲೂ ಇತ್ತು. ಓಣಿಯ ಹಿರಿಯಳಾದ ಸಿದ್ದಕ್ಕನ ಮೊಣಕಾಲು ನೋವಿನ ಮಹಾಪುರಾಣವನ್ನು ಮಂಗಳಾರತಿಯವರೆಗೂ ಕೇಳಿದೆ. ಇತ್ತ ನಮ್ಮ ಮೀಟರಿನ ಚಕ್ರ ಸುಖನಿದ್ರೆಯಲ್ಲಿತ್ತು.

ಕೊನೆಗೆ ನಮ್ಮ ಮನೆಯ ಸರದಿ ಬಂತು. ಒಂದು ಗಳಿಗೆ ತಾನೇ ಎಂದು ಫ್ಯಾನ್ ಹಚ್ಚಿದೆ. ಬಂದವರು ಕೂತರು. ಪಾನಕ ಮುಗಿದರೂ ಯಾರೂ ಏಳಲಿಲ್ಲ.

"ವೈನಿ, ನಿಮ್ಮ ಫ್ಯಾನಿಗೆ ಸಪ್ಪಳನಽ ಇಲ್ಲ ನೋಡ್ರಿ. ನಮ್ಮದು ಮಗ್ಗ ಬಡದಂಗ ಬಡೀತೈತಿ" ಎಂದಳು ಎದುರುಮನೆಯ ಪ್ರಮಿಳಾ.

"ಭಾಳ ತಿರುಗಿಲ್ಲವ್ವಾ, ಅದಕ್ಕ" ಎಂದೆ.

ಸಿದ್ದಕ್ಕ ನನ್ನ ಗದ್ದ ಹಿಡಿದಳು. "ತಂಗಿ, ಗೌರಿ ಮುಂದ ನಿನ್ನಂಗ ತಾಸಗಟ್ಟಲೆ ಕುಂತಾಕೀನ ನಾ ಕಂಡಿಲ್ಲ. ನಾವೆಲ್ಲ ಕೂಡಿ ಮಾತಾಡೇವಿ. ನಾಳಿಂದ ಅಕ್ಷಯ ತದಿಗಿ ತನಕಾ ದಿನಾ ಮಧ್ಯಾಹ್ನ ಭಜನಿ, ನಿಮ್ಮ ಮನ್ಯಾಗ."

"ಅಯ್ಯ, ನಮ್ಮ ಮನಿ ಸಣ್ಣದವಾ..."

"ಗಾಳಿ ಭೇಷ್ ಬರತೈತಿ ಬಿಡು."

ಇಲ್ಲ ಎನ್ನಲು ಬಾಯಿ ತೆರೆದೆ. ಗೌರಿ ನನ್ನನ್ನೇ ನೋಡುತ್ತಿದ್ದಳು. ಮುಚ್ಚಿಕೊಂಡೆ.

ಮರುದಿನ ಯಜಮಾನರು ಕಚೇರಿಯಿಂದ ಬಂದಾಗಲೂ ಭಜನೆ ಮುಗಿದಿರಲಿಲ್ಲ. ಪಡಸಾಲೆಯಲ್ಲೂ ನಡುಮನೆಯಲ್ಲೂ ಹೆಂಗಸರು. ತಲೆಯ ಮೇಲೆ ಭರದಿಂದ ತಿರುಗುವ ಫ್ಯಾನುಗಳು. ಮೀಟರಿನ ಚಕ್ರ ಬುಗುರಿಯಾಗಿತ್ತು. ಅವರು ಅದನ್ನು ನೋಡಿದರು, ಆಮೇಲೆ ಕೈಯಲ್ಲಿ ತಾಳ ಹಿಡಿದಿದ್ದ ನನ್ನನ್ನು.

"ರೀ, ಖಾನಾಪುರಕ್ಕ..." ಎಂದೆ ಮೆಲ್ಲಗೆ.

"ಭಜನಿ ಬಿಟ್ಟ ಹೋಗಬಾರದು. ಪಾಪ ಬರತೈತಿ" ಎಂದು ಅವರು ಗೌರಿಗೆ ಕೈಮುಗಿದು ಒಳಗೆ ಹೋದರು, ಹೋದವರೇ ಮಲಗುವ ಕೋಣೆಯ ಫ್ಯಾನನ್ನೂ ಹಚ್ಚಿಕೊಂಡರು.