ಸೊಟ್ಟ ಚೌಕಟ್ಟು

ಹೆಂಡತಿಗೆ ಸುತ್ತಿಗೆ ಹಿಡಿಯಲು ಬರುವುದಿಲ್ಲ ಎಂಬುದು ಗಡಿಯಾರದಜ್ಜನ ನಲವತ್ತು ವರ್ಷಗಳ ಅಹವಾಲು. ಅಜ್ಜ ಗಡಿಯಾರ ರಿಪೇರಿಯವನು. (ಸೂರ್ಯನೇ ಎರಡು ಸಲ ತನ್ನ ಅಂಗಡಿಗೆ ಬಂದು ಟೈಮು ಸರಿಮಾಡಿಸಿಕೊಂಡು ಹೋಗಿದ್ದಾನೆ ಎನ್ನುತ್ತಿದ್ದ.) ಹೆಂಡತಿಯ ಅಪರಾಧಕ್ಕೆ ಅವನ ಬಳಿ ಸಾಕ್ಷಿಯೂ ಇತ್ತು: ಮದುವೆಯಾದ ವರ್ಷ, ಪೆಟ್ಟಿಗೆಯಲ್ಲಿ ಜೇನುಹುಳಗಳು ಮೇಣದ ಎರಿ ಕಟ್ಟಲೆಂದು ಇಬ್ಬರೂ ಹಿತ್ತಿಲಲ್ಲಿ ಕೂತು ಬಡಿದ ಮೊದಲ ಮರದ ಚೌಕಟ್ಟು. ಒಂದು ತುದಿ ಅವನು ಬಡಿದದ್ದು, ಇನ್ನೊಂದು ಅವಳು. ಮೊಳೆಗಿಂತ ಹೆಚ್ಚು ಏಟು ಬೆರಳಿಗೇ ಬಿದ್ದು, ಇಬ್ಬರೂ ನಕ್ಕೂ ನಕ್ಕೂ ಸುಸ್ತಾಗಿದ್ದರು. ತಂತಮ್ಮ ತುದಿಗೆ ಪೆನ್ಸಿಲ್ಲಿನ ಗುರುತನ್ನೂ ಹಾಕಿದ್ದರು. ಅವನದು ಗಡಿಯಾರದ ಮುಳ್ಳು, ಅವಳದು ಸೊನ್ನೆ. ಜೇನುಹುಳಗಳು ಮೆತ್ತಿದ ಕಂದು ಅಂಟಿನಡಿ ಆ ಗುರುತುಗಳು ಎಂದೋ ಮುಚ್ಚಿಹೋಗಿದ್ದವು. ಕತ್ತು ಉಳುಕಿದಂತೆ ವಾಲಿದ ತುದಿ ಮಾತ್ರ ಅಜ್ಜಿಯದೇ ಎಂದು ಅಜ್ಜನ ಖಾಯಂ ತೀರ್ಪು. ಆದರೂ ಪ್ರತಿ ವರ್ಷ ಹೊಸ ಜೇನು ಪೆಟ್ಟಿಗೆಗೆ ಮೊದಲು ಇಳಿಯಬೇಕಾದದ್ದು ಅದೇ. ಅದಿಲ್ಲದೆ ಜೇನು ಕೂರುವುದಿಲ್ಲವೆಂದು ಅಜ್ಜನ ನಂಬಿಕೆ.

ಈ ಸಲ ಹೂವಿನ ಕಾಲ ಮುಗಿದಾಗ ಸೊಟ್ಟದ್ದೂ ಸೇರಿ ಎರಿ ಕಟ್ಟಿದ ಹನ್ನೊಂದು ಚೌಕಟ್ಟುಗಳು ಉಳಿದವು. ಎರಿಯನ್ನು ತಿಂದು ಹಾಕುವ ಮೇಣದ ಹುಳದ ವಿರುದ್ಧ ಅಜ್ಜ ಮಹಾಯುದ್ಧ ಸಾರಿದ. ಎಲ್ಲವನ್ನೂ ಟ್ರಂಕಿಗೆ ತುಂಬಿ, ಸಂದಿಗಳಿಗೆ ಬಟ್ಟೆ ತುರುಕಿದ.

"ರೀ, ಅದಕ್ಕೆ ಗಾಳಿ ಬೆಳಕು ಬೇಕು. ಕತ್ತಲಂದ್ರೆ ಹುಳಕ್ಕೆ ತವರುಮನೆ."

"ನನ್ನ ಸಹಿ ಇಲ್ದೆ ಇರುವೇನೂ ಒಳಗೆ ಹೋಗಲ್ಲ ಕಣೇ."

"ಮೊಟ್ಟೆ ಆಗ್ಲೇ ಒಳಗಿದ್ರೆ?"

"ಬೀಗ ನೋಡಿ ಎದೆ ಒಡೆದು ಸಾಯ್ತವೆ. ಸುತ್ತಿಗೆ ಹಿಡಿಯೋಕೆ ಬಾರದವಳು ನನಗೆ ಹೇಳಿಕೊಡ್ತಾಳೆ!"

ಎರಡು ಬೀಗ ಕೈಯಲ್ಲಿದ್ದವು. ಮೂರನೆಯದನ್ನು ಅಟ್ಟದಿಂದ ಹುಡುಕಿ ತಂದು ಮೂರನ್ನೂ ಜಡಿದ.

ಆಮೇಲಿನ ತಿಂಗಳುಗಳಲ್ಲಿ ಅಜ್ಜನಿಗೆ ಸಂಸಾರದ ಬಗ್ಗೆ ಎರಡೇ ದೂರುಗಳಿದ್ದವು. ಮೊದಲ ವಾರ ಫ್ರಿಜ್ಜಿನಲ್ಲಿ ಐಸು ಇರಲಿಲ್ಲ. ಆಮೇಲೆ ದಿನಾ ಅಡುಗೆಮನೆ ಕಿಟಕಿಯಡಿ ಟೀ ಕುಡಿಯುವಾಗ ಪೇಪರಿನ ಮೇಲೆ ಏನೋ ನೆರಳು.

ಹೂವು ಮತ್ತೆ ಬಂತು. ಹಿತ್ತಿಲ ಗೂಡು ತುಂಬಿ ತುಳುಕಿ, ಅರ್ಧ ಹುಳಗಳನ್ನು ಹೊಸ ಪೆಟ್ಟಿಗೆಗೆ ಪಾಲು ಮಾಡುವ ಹೊತ್ತಾಯಿತು. ಅಜ್ಜ ಬೀಗ ತೆಗೆದ. ಟ್ರಂಕಿನಿಂದ ಎದ್ದ ಬೂದು ಪತಂಗಗಳಿಂದ ನಡು ಮಧ್ಯಾಹ್ನವೇ ಮನೆ ಕತ್ತಲಾಯಿತು. ಎರಿ ಇದ್ದಲ್ಲೆಲ್ಲ ಬರೀ ಬಲೆ, ಹಿಕ್ಕೆ, ಪುಡಿ. ಅಜ್ಜ ನೆಲದ ಮೇಲೆ ಕೂತು ಚೌಕಟ್ಟುಗಳನ್ನು ಒಂದೊಂದಾಗಿ ಎತ್ತಿ ನೋಡಿದ. ಸೊಟ್ಟದ್ದು ಸಿಗಲಿಲ್ಲ.

"ಮರ ಸಮೇತ ತಿಂದುಬಿಟ್ಟಿವೆ ಕಣೇ," ಎಂದ.

"ಎದ್ದು ಬನ್ನಿ," ಎಂದಳು ಅಜ್ಜಿ.

ಅಡುಗೆಮನೆ ಕಿಟಕಿಯ ಬೆಳಕಿನಲ್ಲಿ, ಅಜ್ಜನ ಟೀ ಕುರ್ಚಿಯ ನೇರ ಮೇಲೆ, ಸೊಟ್ಟ ಚೌಕಟ್ಟು ಎರಿ ಸಮೇತ ಹಾಯಾಗಿ ನೇತಾಡುತ್ತಿತ್ತು.

"ನೀವು ಮೂರನೇ ಬೀಗಕ್ಕೆ ಅಟ್ಟ ಹತ್ತಿದಾಗ ತೆಗೆದೆ. ಅಂಟು ಕೆರೆದು, ಐಸು ತಟ್ಟೆ ತೆಗೆದು, ಫ್ರಿಜ್ಜಿನ ಐಸು ಖಾನೇಲಿ ಒಂದು ವಾರ ಇಟ್ಟೆ, ಮೊಟ್ಟೆ ಸಾಯ್ಲಿ ಅಂತ. ಆಮೇಲೆ ಇಲ್ಲಿ. ದಿನಾ ನೆರಳು, ನೆರಳು ಅಂತ ಇದನ್ನೇ ಬೈತಿದ್ರಲ್ಲ!"

ಅಜ್ಜ ಕನ್ನಡಕ ಏರಿಸಿದ. ಕೆರೆದ ಮರದ ಮೇಲೆ ಪೆನ್ಸಿಲ್ಲಿನ ಗುರುತುಗಳು ಮಸುಕಾಗಿ ಕಂಡವು. ನೆಟ್ಟಗಿದ್ದ ತುದಿಯಲ್ಲಿ ಸೊನ್ನೆ. ವಾಲಿದ ತುದಿಯಲ್ಲಿ ಗಡಿಯಾರದ ಮುಳ್ಳು.

ಅಜ್ಜ ಎರಡೂ ತುದಿಗಳನ್ನು ಬೆರಳಿನಿಂದ ಸವರಿ ನೋಡಿದ.

"ನಿನಗೆ ಗೊತ್ತಿತ್ತಾ?"

"ಮೊದಲನೇ ದಿನದಿಂದ."

"ಮತ್ತೆ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಬಿಚ್ಚಿ ಸರಿಮಾಡಿಬಿಡ್ತಿದ್ರಿ."

ಸಂಜೆ ಅಜ್ಜಿ ಚೌಕಟ್ಟನ್ನು ಹೊಸ ಪೆಟ್ಟಿಗೆಗೆ ಇಳಿಸಿದಳು. ಅಜ್ಜನ ಪಾಲಿಗೆ ಬಂದದ್ದು ಮುಚ್ಚಳ ಹಿಡಿಯುವ ಕೆಲಸ.

"ರೀ, ನೆಟ್ಟಗೆ ಹಿಡೀರಿ. ಅದೂ ವಾಲ್ತಿದೆ!"