ತಿಕ್ಕು ಮೇಸ್ತ್ರಿಗಳು ಶಿಲ್ಪ ನೋಡಿದ್ದು

"ಇವತ್ತು ಪೂರ್ತಿ ಒಂದು ಗಂಟೆ ನನ್ನ ಎರಡು ಕೈಯೂ ಜೇಬಲ್ಲೇ ಇರುತ್ತೆ. ಬೇಕಾದ್ರೆ ಬರ್ಕೊಡ್ತೀನಿ," ಎಂದು ಮೇಸ್ತ್ರಿಗಳು ಬಂದರಿನ ಕಡೆ ಹೋಗುವ ಬಸ್ಸಿನಲ್ಲಿ ಹೆಂಡತಿಗೆ ಸಾರಿದರು.

"ಜೇಬಲ್ಲಿ ಏನಿದೆ?"

"ಕರ್ಚೀಫು."

"ಇನ್ನೊಂದರಲ್ಲಿ?"

ಮೇಸ್ತ್ರಿಗಳು ಕಿಟಕಿಯಾಚೆ ನೋಡತೊಡಗಿದರು.

ಇನ್ನೊಂದರಲ್ಲಿ ಇದ್ದದ್ದು ಅಂಗೈಯಗಲದ ತಂತಿ ಬ್ರಷ್ಷು. ಬೇರೆಯವರು ಬಾಚಣಿಗೆ ಇಟ್ಟುಕೊಳ್ಳುವ ಹಾಗೆ ಇವರು ಅದನ್ನು ಇಟ್ಟುಕೊಳ್ಳುತ್ತಿದ್ದರು. ಹಡಗು ರಿಪೇರಿ ಶೆಡ್ಡಿನ ಬಣ್ಣದ ವಿಭಾಗದಲ್ಲಿ ಅವರು ಇಪ್ಪತ್ತೆಂಟು ವರ್ಷದಿಂದ ಮೇಸ್ತ್ರಿ. ಬಣ್ಣ ಯಾರು ಬೇಕಾದರೂ ಬಳಿದಾರು, ಬಳಿಯುವ ಮೊದಲು ಕಬ್ಬಿಣ ತಿಕ್ಕುವುದೇ ವಿದ್ಯೆ ಎಂಬುದು ಅವರ ಸಿದ್ಧಾಂತ. 'ತುಕ್ಕು ಕಂಡರೆ ತಿಕ್ಕು' ಎಂದು ಶೆಡ್ಡಿನ ಗೋಡೆಯ ಮೇಲೆ ದಪ್ಪ ಅಕ್ಷರದಲ್ಲಿ ಬರೆಸಿದ್ದರು. ಎದುರಿಗೆ ಎಲ್ಲರೂ ಅವರನ್ನು ತಿಕ್ಕು ಮೇಸ್ತ್ರಿ ಎನ್ನುತ್ತಿದ್ದರು. ಬೆನ್ನ ಹಿಂದೆ ಒಂದಕ್ಷರ ಸೇರಿಸಿ, ತಿಕ್ಕಲು ಮೇಸ್ತ್ರಿ. ಆ 'ಲು' ಅವರ ಕಿವಿಗೂ ಬಿದ್ದಿತ್ತು. ತಿಕ್ಕಲು ಬೇಕಾದ ಮೇಸ್ತ್ರಿ ಎಂದು ತಾವೇ ವ್ಯಾಕರಣ ಹಚ್ಚಿ ಸಮಾಧಾನ ಮಾಡಿಕೊಂಡಿದ್ದರು. ಪಕ್ಕದ ಮನೆಯ ಗೇಟು, ಆಸ್ಪತ್ರೆಯ ಮಂಚದ ಕಾಲು, ಬೀಗರ ಮನೆಯ ಕಿಟಕಿ ಸರಳು, ಇವರ ಕೈಯಿಂದ ಪಾರಾದದ್ದು ಯಾವುದೂ ಇಲ್ಲ.

ಹೆಂಡತಿ ಶಾಲೆಯಲ್ಲಿ ಚಿತ್ರಕಲೆಯ ಟೀಚರು. ಬಂದರು ಕಟ್ಟೆಯ ತುದಿಯಲ್ಲಿ ಹೊಸದಾಗಿ ನಿಲ್ಲಿಸಿದ್ದ ಭಾರಿ ಶಿಲ್ಪವನ್ನು ಪ್ರತಿ ಭಾನುವಾರ ಜನರಿಗೆ ವಿವರಿಸಿ ಹೇಳಲು ಬಂದರು ಕಚೇರಿಯವರು ಒಬ್ಬರನ್ನು ಹುಡುಕುತ್ತಿದ್ದರು. ಟೀಚರು ಅರ್ಜಿ ಹಾಕಿದ್ದರು. ಇವತ್ತು ಹತ್ತೂವರೆಗೆ ಅದರ ಪರೀಕ್ಷೆ. ಹತ್ತಾರು ಜನರ ಮುಂದೆ ಮಾತಾಡಬೇಕು, ಕಚೇರಿಯ ಮೇಡಂ ಜೊತೆಗೇ ನಿಂತು ಕೇಳುತ್ತಾರೆ. ಇಪ್ಪತ್ತು ವರ್ಷ ಮಕ್ಕಳ ಕೈಲಿ ಅದೇ ಹೂಜಿ, ಅದೇ ಬಾಳೆಹಣ್ಣು ಬರೆಸಿ ಬೇಸತ್ತಿದ್ದ ಟೀಚರು ಇದರ ಮೇಲೆ ಇಟ್ಟಷ್ಟು ಆಸೆಯನ್ನು ಬೇರೆ ಯಾವುದರ ಮೇಲೂ ಇಟ್ಟಿರಲಿಲ್ಲ. ಒಂದು ತಿಂಗಳಿಂದ ಅಡುಗೆಮನೆಯಲ್ಲಿ ಫ್ರಿಜ್ಜಿನ ಮುಂದೆ ನಿಂತು ಅಭ್ಯಾಸ ಮಾಡಿದ್ದರು. "ಸ್ವಲ್ಪ ಕೇಳಿ ಬನ್ರೀ," ಎಂದು ಗಂಡನನ್ನು ಕರೆದಾಗಲೆಲ್ಲ "ನಾಳೆ ಕೂತು ಕೇಳ್ತೀನಿ" ಎಂಬ ಉತ್ತರ. ಹೀಗಾಗಿ ಫ್ರಿಜ್ಜಿಗೆ ಎಲ್ಲ ಬಾಯಿಪಾಠವಾಗಿತ್ತು, ಮೇಸ್ತ್ರಿಗಳಿಗೆ ಒಂದಕ್ಷರವೂ ಗೊತ್ತಿರಲಿಲ್ಲ. ಮುಂದಿನ ಅನಾಹುತಕ್ಕೆಲ್ಲ ಇದೇ ಮೂಲ.

ಕಟ್ಟೆಯ ತುದಿ ತಲುಪಿದಾಗ ಒಂಬತ್ತೂ ಮುಕ್ಕಾಲು. ಶಿಲ್ಪ ಕಂಡದ್ದೇ ಮೇಸ್ತ್ರಿಗಳು ನಿಂತುಬಿಟ್ಟರು. ಮೂರು ಅಂತಸ್ತಿನಷ್ಟು ಎತ್ತರದ ಎರಡು ಉಕ್ಕಿನ ಹಲಗೆಗಳು, ಗುಟ್ಟು ಹೇಳಿಕೊಳ್ಳುವ ಇಬ್ಬರ ಹಾಗೆ ಒಂದರ ಕಡೆಗೊಂದು ಬಾಗಿದ್ದವು. ನಡುವೆ ಒಬ್ಬ ಮನುಷ್ಯ ನುಸುಳುವಷ್ಟೇ ಸಂದು. ನೇರ ನೋಡಿದರೆ ಮುಚ್ಚಿದ ಗೋಡೆ. ನಾಲ್ಕು ಹೆಜ್ಜೆ ಪಕ್ಕಕ್ಕೆ ಸರಿದರೆ ಸಂದಿನಲ್ಲಿ ಸಮುದ್ರದ ಒಂದು ಗೆರೆ. ಇನ್ನೆರಡು ಹೆಜ್ಜೆ ಸರಿದರೆ ಆ ಗೆರೆಯೊಳಗೆ ಇಡೀ ಒಂದು ಹಡಗು. ಮೇಸ್ತ್ರಿಗಳು ಹಿಂದೆ ಹೋದರು, ಹಡಗು ಮಾಯ. ಮುಂದೆ ಬಂದರು, ಹಡಗು ಹಾಜರು. ಬೆಸುಗೆ ಎಲ್ಲಿ ಹಾಕಿದ್ದಾರೆಂದು ಮೂಗು ತಾಗುವಷ್ಟು ಹತ್ತಿರ ಹೋಗಿ ಹುಡುಕಿದರು. ಸಿಗಲಿಲ್ಲ. ಇಷ್ಟು ವರ್ಷದಲ್ಲಿ ಅವರ ಕಣ್ಣು ತಪ್ಪಿಸಿದ ಬೆಸುಗೆ ಇದೊಂದೇ.

"ಭೇಷ್," ಎಂದರು. "ಯಾರೋ ಕೆಲಸ ಬಲ್ಲವರು ಮಾಡಿದ್ದು."

ಟೀಚರ ಮುಖ ಅರಳಿತು. ಮದುವೆಯಾದಂದಿನಿಂದ ಗಂಡ ಒಂದು ವಸ್ತುವನ್ನು ಹೊಗಳಿದ್ದು ಅವರು ಕೇಳಿದ್ದೇ ಕಡಿಮೆ. "ಇಲ್ಲೇ ನೋಡ್ತಾ ಇರಿ. ನಾನು ಆಫೀಸಿಗೆ ಹೋಗಿ ಸಹಿ ಹಾಕಿ ಬರ್ತೀನಿ," ಎಂದು ಹೋದರು.

ಮೇಸ್ತ್ರಿಗಳು ನೋಡಿದರು. ಬೆಸುಗೆ ಹುಡುಕುವ ಭರದಲ್ಲಿ ಗಮನಿಸದೇ ಹೋಗಿದ್ದು ಈಗ ಕಣ್ಣಿಗೆ ಬಿತ್ತು. ಮೇಲಿನಿಂದ ಕೆಳಗಿನವರೆಗೆ ತುಕ್ಕು! ಎಡ ಹಲಗೆಗೆ ತುಕ್ಕು, ಬಲ ಹಲಗೆಗೆ ತುಕ್ಕು, ಹಣೆಯಿಂದ ಪಾದದವರೆಗೆ ಕೆಂಪು ಕಂದು ತುಕ್ಕು. ಇಂಥಾ ಕೆಲಸವನ್ನು ಉಪ್ಪುಗಾಳಿಗೆ ಬಿಟ್ಟು ಬಣ್ಣವನ್ನೂ ಬಳಿಯದೆ ಹೋದ ಪುಣ್ಯಾತ್ಮರು ಯಾರು? ಇನ್ನು ಅರ್ಧ ಗಂಟೆಗೆ ಮೇಡಂ ಬರುತ್ತಾರೆ. ಪಾಪ, ನನ್ನ ಹೆಂಡತಿ ಈ ತುಕ್ಕಿನ ಮುಂದೆ ನಿಂತು ಇದನ್ನು ಹೊಗಳಬೇಕು. ಜನ ನಕ್ಕರೆ ಅವಳ ಗತಿಯೇನು? ಪೂರ್ತಿ ಆಗದಿದ್ದರೂ ಅವಳು ನಿಲ್ಲುವ ಜಾಗದ ಹಿಂದೆ ಒಂದಿಷ್ಟಾದರೂ ಲಕ್ಷಣವಾಗಿರಬೇಡವೇ?

ಕೊಟ್ಟ ಮಾತಿನಂತೆ ಕೈಗಳು ಇನ್ನೂ ಜೇಬಿನಲ್ಲೇ ಇದ್ದವು. ತೊಂದರೆಯೆಂದರೆ ಬ್ರಷ್ಷೂ ಅಲ್ಲೇ ಇತ್ತು.

ಇಪ್ಪತ್ತು ನಿಮಿಷದಲ್ಲಿ ಬಲ ಹಲಗೆಯ ಎದೆಮಟ್ಟದಲ್ಲಿ ಊಟದ ತಟ್ಟೆಯಷ್ಟಗಲ ಜಾಗ ಬೆಳಗಿತು. ಮೊದಲು ಬ್ರಷ್ಷು, ಆಮೇಲೆ ಉಜ್ಜುಕಾಗದ, ಕೊನೆಗೆ ಕರ್ಚೀಫಿನಲ್ಲಿ ಅದ್ದಿ ತುಕ್ಕು ತಡೆಯುವ ಎಣ್ಣೆ. ಉಜ್ಜುಕಾಗದ, ಎಣ್ಣೆಯ ಪುಟ್ಟ ಸೀಸೆ ಎರಡೂ ಅಂಗಿಯ ಜೇಬಿನಲ್ಲಿದ್ದವು. ಅಂಗಿಯ ಜೇಬಿನ ಬಗ್ಗೆ ಬಸ್ಸಿನಲ್ಲಿ ಯಾರೂ ಕೇಳಿರಲಿಲ್ಲ. ಮೇಸ್ತ್ರಿಗಳು ಬಗ್ಗಿ ನೋಡಿದರೆ ಅದರಲ್ಲಿ ಅವರ ಮೀಸೆ ಸ್ಪಷ್ಟವಾಗಿ ಕಾಣುತ್ತಿತ್ತು.

"ಏನ್ರೀ ಇದು?" ಹಿಂದಿನಿಂದ ಟೀಚರ ದನಿ.

"ನಿನಗೇ ಅಂತ ಮಾಡಿದ್ದು. ಇದರ ಪಕ್ಕ ನಿಂತು ಮಾತಾಡು. ಮೇಡಂ ಕಣ್ಣು ಬೇರೆ ಕಡೆ ಹೋಗಲ್ಲ."

"ರೀ, ಆ ತುಕ್ಕೇ ಶಿಲ್ಪ."

"ಅಂದ್ರೆ?"

"ಅಂದ್ರೆ ಬೇಕು ಅಂತಲೇ ಬರಿಸಿದ್ದು. ಎರಡು ವರ್ಷ ಬಯಲಲ್ಲಿಟ್ಟು, ನೆನೆಸಿ, ಒಣಗಿಸಿ, ಮತ್ತೆ ನೆನೆಸಿ ಬರಿಸಿದ ಬಣ್ಣ ಅದು."

ಮೇಸ್ತ್ರಿಗಳಿಗೆ ಕಾಲ ಕೆಳಗಿನ ಕಟ್ಟೆಯೇ ಕುಸಿದಂತಾಯಿತು. ತುಕ್ಕನ್ನು ಸಾಕಿ ಬೆಳೆಸುವವರೂ ಇದ್ದಾರೆಂದು ಅವರಿಗೆ ಯಾರೂ ಹೇಳಿರಲಿಲ್ಲ.

"ಮೊದಲೇ ಹೇಳಬಾರದಿತ್ತಾ?"

"ಮೂವತ್ತು ದಿನ ಹೇಳಿದೀನಿ. ಫ್ರಿಜ್ಜನ್ನ ಕೇಳಿ."

ಅಷ್ಟರಲ್ಲಿ ಕಟ್ಟೆಯ ಮೇಲೆ ಕಚೇರಿಯ ಮೇಡಂ, ಅವರ ಹಿಂದೆ ಹತ್ತು ಹನ್ನೆರಡು ಜನ ಬರುವುದು ಕಂಡಿತು. ಟೀಚರು ಗಂಡನ ತೋಳು ಹಿಡಿದು ತಿರುಗಿಸಿ, ಬೆನ್ನನ್ನು ಆ ಹೊಳೆಯುವ ಜಾಗಕ್ಕೆ ಒತ್ತಿ ನಿಲ್ಲಿಸಿದರು. "ಉಸಿರಾಡಿ. ಬೇರೇನೂ ಮಾಡಬೇಡಿ."

ಹೀಗೆ ಮೇಸ್ತ್ರಿಗಳು ಹೆಂಡತಿಯ ಮಾತನ್ನು ಮೊದಲ ಸಲ, ಅಲುಗಾಡದೆ, ಪೂರ್ತಿ ಕೇಳುವಂತಾಯಿತು.

ಟೀಚರು ಎಲ್ಲರನ್ನೂ ಹಲಗೆಗಳ ಮುಂದೆ ಕರೆದು ಶುರುಮಾಡಿದರು. "ಈ ಹಲಗೆಗಳನ್ನ ಬಗ್ಗಿಸಿದ್ದು ಹಡಗಿನ ಹೊಟ್ಟೆ ಬಗ್ಗಿಸೋ ಯಂತ್ರದಲ್ಲೇ. ಆದರೆ ಹಡಗು ನೀರನ್ನ ಹೊರಗೆ ಇಡುತ್ತೆ, ಇದು ಒಳಗೆ ಕರೆಯುತ್ತೆ. ಈ ಸಂದಿನಲ್ಲಿ ನಿಂತು ಕಿವಿಗೊಡಿ, ಅಲೆ ನಿಮ್ಮ ಪಕ್ಕದಲ್ಲೇ ಇದೆ ಅನ್ಸುತ್ತೆ." ಒಬ್ಬೊಬ್ಬರಾಗಿ ಸಂದಿನಲ್ಲಿ ನಿಂತರು, ಒಬ್ಬೊಬ್ಬರ ಮುಖವೂ ಬದಲಾಯಿತು. "ಮೇಲುಗಡೆ ಬಣ್ಣ ಕಪ್ಪಗಿದೆ, ಕೆಳಗೆ ಕಿತ್ತಳೆ. ಯಾಕೆ ಅಂದ್ರೆ ಬಿರುಗಾಳಿ ದಿನ ಅಲೆ ಆ ಕಿತ್ತಳೆ ಇರೋ ತನಕ ಹಾರುತ್ತೆ. ಸಮುದ್ರ ದಿನಾ ಬಂದು ಒಂದಿಷ್ಟು ಬರೆದು ಹೋಗುತ್ತೆ. ಈ ಶಿಲ್ಪಕ್ಕೆ ಬಣ್ಣದವರು ಬೇಕಿಲ್ಲ."

ಬಣ್ಣದ ಮೇಸ್ತ್ರಿಗಳು ತಲೆ ಮಾತ್ರ ಹೊರಳಿಸಿ ಎದುರಿನ ಹಲಗೆ ನೋಡಿದರು. ಹೌದಲ್ಲ. ಎಷ್ಟು ಬಗೆಯ ಕೆಂಪು! ತಾವು ಇಷ್ಟು ವರ್ಷ ಡಬ್ಬಿಗಳಲ್ಲಿ ಕಲಸಿದ ಯಾವ ಬಣ್ಣವೂ ಇಷ್ಟು ಆಳವಾಗಿರಲಿಲ್ಲ ಎಂದು ಅವರಿಗೆ ಅನ್ನಿಸಿತು. ಅದಕ್ಕಿಂತ ಹೆಚ್ಚಾಗಿ, ಈ ಹೆಂಗಸು ಇಷ್ಟು ಚೆನ್ನಾಗಿ ಮಾತಾಡುವುದನ್ನು ಕೇಳದೆ ತಾನು ಅಡುಗೆಮನೆಯ ಆಚೆ ಕೂತು ಏನು ಮಾಡುತ್ತಿದ್ದೆ ಎಂದು ನಾಚಿಕೆಯಾಯಿತು.

"ಈ ಯಜಮಾನರು ಶಿಲ್ಪದ ಭಾಗಾನಾ?" ಕನ್ನಡಕದ ಅಜ್ಜಿಯೊಬ್ಬರು ಕೇಳಿದರು.

"ಅಳತೆ ಗೊತ್ತಾಗಲಿ ಅಂತ ನಿಲ್ಲಿಸಿದ್ದು," ಎಂದರು ಟೀಚರು ರೆಪ್ಪೆ ಬಡಿಯದೆ. "ಇದರ ಮುಂದೆ ಮನುಷ್ಯ ಎಷ್ಟು ಸಣ್ಣೋನು ನೋಡಿ."

ಎಲ್ಲರೂ ನೋಡಿದರು. ಮೇಸ್ತ್ರಿಗಳು ಆದಷ್ಟು ಸಣ್ಣಗೆ ನಿಂತರು.

ವಿವರಣೆ ಮುಗಿಯಿತು, ಚಪ್ಪಾಳೆ ಬಿತ್ತು. ಮೇಡಂ ಮೊಬೈಲು ತೆಗೆದರು. "ತುಂಬಾ ಚೆನ್ನಾಗಿತ್ತು ಟೀಚರ್. ಇಲ್ಲೇ ನಿಂತ್ಕೊಳಿ, ಒಂದು ಫೋಟೋ ಇರಲಿ. ನೀವು ಸ್ವಲ್ಪ ಸರೀತೀರಾ ಯಜಮಾನ್ರೇ?"

ಯಜಮಾನರು ಸರಿಯಲಿಲ್ಲ. ಮೇಡಂ ಇನ್ನೊಮ್ಮೆ ಕೇಳಿದರು. ಟೀಚರು ಏನೋ ಹೇಳಲು ಬಾಯಿ ತೆರೆದರು, ಮುಖ ಬಿಳಿಚಿಕೊಂಡಿತ್ತು. ಆ ಮುಖ ನೋಡಿದ್ದೇ ಮೇಸ್ತ್ರಿಗಳು ಒಂದು ಹೆಜ್ಜೆ ಮುಂದೆ ಬಂದರು. ಬಿಸಿಲು ಆ ತಟ್ಟೆಯಗಲದ ಜಾಗಕ್ಕೆ ಬಡಿದು ಎಲ್ಲರ ಕಣ್ಣಿಗೂ ಹೊಡೆಯಿತು.

"ತಿಕ್ಕಿದ್ದು ನಾನು," ಎಂದರು ಮೇಸ್ತ್ರಿಗಳು. "ಈ ಟೀಚರಿಗೂ ಇದಕ್ಕೂ ಸಂಬಂಧ ಇಲ್ಲ. ಅವರು ಯಾರೋ, ನಾನು ಯಾರೋ. ಇವತ್ತೇ ಮೊದಲು ನೋಡ್ತಿರೋದು. ಶಿಕ್ಷೆ ಏನಿದ್ರೂ ನನಗೇ ಕೊಡಿ."

ಎಂಥಾ ತ್ಯಾಗ! ಹೀಗೆ ಹೇಳಿ, ಗಂಭೀರವಾಗಿ, ಕಚೇರಿಯ ಕಡೆ ನಡೆಯಲು ಬೆನ್ನು ತಿರುಗಿಸಿದರು. ಬಿಳಿ ಶರಟಿನ ಬೆನ್ನಿನ ಮೇಲೆ ದುಂಡಗೆ ಎಣ್ಣೆ, ಅದರ ಸುತ್ತ ಕೆಂಪು ತುಕ್ಕು.

"ರೀ, ಹೊಸ ಶರಟು!" ಎಂದು ಟೀಚರು ಕಿರುಚಿದರು. "ಬೆಳಗ್ಗೆ ತಾನೇ ಇಸ್ತ್ರಿ ಮಾಡಿ ಕೊಟ್ಟಿದ್ದೆನಲ್ರೀ."

ಕನ್ನಡಕದ ಅಜ್ಜಿ "ಮೊದಲ ಸಲ ನೋಡಿದವರಿಗೂ ಇಸ್ತ್ರಿ ಮಾಡಿ ಕೊಡ್ತಾರಾ?" ಎಂದರು.

"ನನ್ನ ಗಂಡ," ಎಂದರು ಟೀಚರು ತಲೆ ತಗ್ಗಿಸಿ. "ನನಗೆ ಅವಮಾನ ಆಗಬಾರದು ಅಂತ ಮಾಡಿದಾರೆ. ಮುಚ್ಚಿಟ್ಟಿದ್ದು ನಾನು. ತಪ್ಪು ನಂದೂ ಇದೆ."

ಮೇಡಂ ನಗಲಿಲ್ಲ. ದೂರದ ಊರಿನಲ್ಲಿದ್ದ ಶಿಲ್ಪಿಯಮ್ಮನಿಗೆ ಫೋನು ಹಚ್ಚಿ ಎಲ್ಲವನ್ನೂ ಹೇಳಿದರು. ಬಹಳ ಹೊತ್ತು ಕೇಳಿಸಿಕೊಂಡು, ಫೋನನ್ನು ಮೇಸ್ತ್ರಿಗಳ ಮುಂದೆ ಹಿಡಿದರು.

"ಗುಂಡಗೆ ತಿಕ್ಕಿದಿರೋ, ಉದ್ದಕ್ಕೋ?" ಎಂದಿತು ಫೋನಿನ ದನಿ.

"ಉದ್ದಕ್ಕೆ. ಗುಂಡಗೆ ತಿಕ್ಕೋರು ಕೆಲಸ ಕಲೀದೇ ಇರೋರು."

"ಹಾಗಾದ್ರೆ ಗೀರು ಬಿದ್ದಿರಲ್ಲ. ಸೋಪು ಹಾಕಿ ಎಣ್ಣೆ ತೆಗೀರಿ. ವಾರಕ್ಕೊಂದು ಸಲ ಸಮುದ್ರದ ನೀರು ಚಿಮುಕಿಸಿ. ನೀವೇ ತೆಗೆದಿದ್ದು, ನೀವೇ ಬರಿಸಿ."

"ಅಮ್ಮಾ, ಬೆಸುಗೆ ಎಲ್ಲಿ ಹಾಕಿದೀರಿ?" ಎಂದು ಮೇಸ್ತ್ರಿಗಳಿಗೆ ಕೇಳದಿರಲು ಆಗಲಿಲ್ಲ.

"ತುಕ್ಕು ಬಂದ ಮೇಲೆ ಹೇಳ್ತೀನಿ," ಎಂದು ಫೋನು ಕಟ್ಟಾಯಿತು.

ಮೇಡಂ ಟೀಚರ ಕಡೆ ತಿರುಗಿದರು. "ಮುಂದಿನ ಭಾನುವಾರದಿಂದ ಬನ್ನಿ. ಇವರನ್ನೂ ಕರ್ಕೊಂಡು ಬನ್ನಿ. ಜೇಬು ನಾನೇ ನೋಡ್ತೀನಿ."

ಅಂದಿನಿಂದ ಭಾನುವಾರ ಬಂತೆಂದರೆ ಮೇಸ್ತ್ರಿಗಳು ಸಮುದ್ರದ ನೀರು ತುಂಬಿದ ಮಗ್ ಹಿಡಿದು ಹಲಗೆಯ ಪಕ್ಕ ಹಾಜರು. ಅವರ ಎಣ್ಣೆ ಅಷ್ಟು ಗಟ್ಟಿ, ಮೂರು ವಾರ ಏನೂ ಆಗಲಿಲ್ಲ. ನಾಲ್ಕನೆಯ ವಾರ ಸಾಸಿವೆಯಷ್ಟು ಒಂದು ಕೆಂಪು ಚುಕ್ಕೆ ಕಂಡಾಗ ಅವರು ಗುರುತಿಲ್ಲದವರ ಕೈಯನ್ನೆಲ್ಲ ಹಿಡಿದು ಕುಲುಕಿದರು. ಹತ್ತನೆಯ ವಾರದ ಹೊತ್ತಿಗೆ ಹೊಸದು ಯಾವುದು ಹಳೆಯದು ಯಾವುದು ಎಂದು ಅವರೊಬ್ಬರಿಗೇ ಗೊತ್ತು. ಹೆಂಡತಿಯ ವಿವರಣೆಯನ್ನು ವಾರವಾರ ಕೇಳಿ ಕೇಳಿ, ಅಲೆ ಎಲ್ಲೀತನಕ ಹಾರುತ್ತದೆ ಎಂಬುದರವರೆಗೆ ಎಲ್ಲ ಬಾಯಿಪಾಠವಾಗಿತ್ತು. ತನ್ನಷ್ಟು ಚೆನ್ನಾಗಿ ಈ ಶಿಲ್ಪ ಬಲ್ಲವರು ಈ ಬಂದರಿನಲ್ಲಿ ಇಲ್ಲ ಎಂಬ ಹೆಮ್ಮೆಯೂ ನಿಧಾನವಾಗಿ ಬಂದಿತ್ತು.

ಒಂದು ಭಾನುವಾರ, ಗುಂಪಿನಿಂದ ಹಿಂದುಳಿದ ಒಬ್ಬ ಸಾಹೇಬರು ಹಿಂದೆ ತಿಕ್ಕಿದ್ದ ಆ ಜಾಗವನ್ನೇ ನೋಡುತ್ತಾ ನಿಂತಿದ್ದರು. ಮೇಸ್ತ್ರಿಗಳಿಗೆ ತಡೆಯಲಾಗಲಿಲ್ಲ. ಹಡಗಿನ ಹೊಟ್ಟೆಯಿಂದ ಶುರುಮಾಡಿ, ಸಂದು, ಅಲೆ, ಎರಡು ವರ್ಷದ ತುಕ್ಕು, ಉಪ್ಪುಗಾಳಿ ಬರೆಯುವ ಬರಹ, ಎಲ್ಲವನ್ನೂ ಇಪ್ಪತ್ತೈದು ನಿಮಿಷ ಮೈದುಂಬಿ ಹೇಳಿದರು. ಸಾಹೇಬರು ಅಲುಗಾಡದೆ, ಒಂದೇ ಸಮನೆ ತಲೆಯಾಡಿಸುತ್ತಾ ಕೇಳಿದರು. ಇಂಥಾ ಕೇಳುಗ ಸಿಗುವುದು ಅಪರೂಪ.

"ನಿಮಗೆ ಇದರಲ್ಲಿ ತುಂಬಾ ಆಸಕ್ತಿ ಇದ್ದಂಗಿದೆ," ಎಂದರು ಮೇಸ್ತ್ರಿಗಳು ಮಗ್ ಕೆಳಗಿಡುತ್ತಾ.

"ಹಾಗೇನಿಲ್ಲ," ಎಂದರು ಸಾಹೇಬರು ಸಂಕೋಚದಿಂದ. "ಆ ಟೀಚರು ಮೊದಲೇ ಹೇಳಿದ್ರು. ಕೊನೇಲಿ ಮಗ್ ಹಿಡ್ಕೊಂಡು ಒಬ್ಬರು ಸಿಕ್ತಾರೆ, ನಾನು ಹೇಳಿದ್ದನ್ನೇ ಮತ್ತೆ ಮೊದಲಿಂದ ಹೇಳ್ತಾರೆ, ಸುಮ್ನೆ ತಲೆ ಆಡಿಸಿ. ಪ್ರಶ್ನೆ ಮಾತ್ರ ಕೇಳಬೇಡಿ, ಬಸ್ಸು ತಪ್ಪಿಹೋಗುತ್ತೆ ಅಂತ."